ಸ್ಕಿಜೋಫ್ರೀನಿಯದ ತರುಣ ರೋಗಿಗಳಲ್ಲಿ ದೇಹಶೈಥಿಲ್ಯ: ಒಂದು ಚಾರಿತ್ರಿಕ ಸಮೀಕ್ಷೆ

೧

ಮುಪ್ಪಿನಲ್ಲಿ ದೇಹ ಸೋಲುವುದು ಸಹಜವೆಂದು ಎಲ್ಲರೂ ಒಪ್ಪುತ್ತಾರೆ. ಕೈಯ ಹಿಡಿತ ಸಡಿಲವಾಗುತ್ತದೆ, ನಡಿಗೆ ನಿಧಾನವಾಗುತ್ತದೆ, ಸಣ್ಣದೊಂದು ಜ್ವರ ಬಂದುಹೋದರೂ ಮೊದಲಿನಂತಾಗಲು ತಿಂಗಳುಗಳೇ ಹಿಡಿಯುತ್ತವೆ. ಈ ಸ್ಥಿತಿಯನ್ನು ಇಂದಿನ ವೈದ್ಯಶಾಸ್ತ್ರವು ಒಂದು ಪ್ರತ್ಯೇಕ ಲಕ್ಷಣಸಮುದಾಯವೆಂದು ಪರಿಗಣಿಸಿದೆ. ಈ ಪ್ರಬಂಧದಲ್ಲಿ ನಾವು ಅದನ್ನು ದೇಹಶೈಥಿಲ್ಯವೆಂದು ಕರೆದಿದ್ದೇವೆ. ಶೈಥಿಲ್ಯವೆಂದರೆ ಯಾವುದೋ ಒಂದು ಅಂಗಕ್ಕೆ ತಗುಲಿದ ರೋಗವಲ್ಲ. ಆಪತ್ಕಾಲಕ್ಕೆಂದು ದೇಹವು ಕಾದಿರಿಸಿಕೊಂಡಿರುವ ಶಕ್ತಿಯು ಹಲವು ಅಂಗಗಳಲ್ಲಿ ಒಟ್ಟಿಗೆ ಕುಗ್ಗಿ, ಅಲ್ಪ ಕಾರಣಕ್ಕೂ ಮನುಷ್ಯನು ಕುಸಿಯುವಂತಾಗುವ ಸ್ಥಿತಿ.

ಈ ಸ್ಥಿತಿಯು ಎಪ್ಪತ್ತು ಎಂಬತ್ತರ ಪ್ರಾಯದವರಿಗೆ ಮಾತ್ರ ಮೀಸಲಾದುದಲ್ಲ. ಸ್ಕಿಜೋಫ್ರೀನಿಯ, ಅಂದರೆ ಕನ್ನಡದಲ್ಲಿ ಇಚ್ಚಿತ್ತವಿಕಲತೆಯೆಂದು ಕರೆಯಲ್ಪಡುವ ಮನೋರೋಗದಿಂದ ಬಹುಕಾಲ ನರಳಿದವರಲ್ಲಿ ಮೂವತ್ತೈದು ನಲವತ್ತರ ವಯಸ್ಸಿಗೇ ಇದರ ಚಿಹ್ನೆಗಳು ತೋರುವುದುಂಟು. ಹೀಗೇಕೆಂಬ ಪ್ರಶ್ನೆ ವೈದ್ಯರದು. ಆದರೆ ಇದಕ್ಕೆ ಹಿಂದಿನವರು ಯಾವ ಯಾವ ಉತ್ತರಗಳನ್ನು ಕೊಟ್ಟರು, ಆ ಉತ್ತರಗಳಿಂದ ರೋಗಿಗಳಿಗೆ ಏನಾಯಿತು ಎಂಬುದು ಇತಿಹಾಸದ ಪ್ರಶ್ನೆ. ನೂರಿಪ್ಪತ್ತು ವರ್ಷಗಳಿಗೂ ಮೀರಿದ ಈ ಚರಿತ್ರೆಯನ್ನು ಪರಿಶೀಲಿಸಿದಾಗ ಒಂದು ಸಂಗತಿ ಮತ್ತೆ ಮತ್ತೆ ಎದುರಾಗುತ್ತದೆ: ಬದಲಾಯಿಸಬಹುದಾಗಿದ್ದ ಪರಿಸ್ಥಿತಿಯ ಫಲವನ್ನು ಬದಲಾಯಿಸಲಾಗದ ರೋಗಸ್ವಭಾವವೆಂದು ತಿಳಿಯುವ ತಪ್ಪು. ಆ ತಪ್ಪಿನ ಕಥೆಯನ್ನು ಸಂಕ್ಷೇಪವಾಗಿ ನಿರೂಪಿಸುವುದೇ ನಮ್ಮ ಉದ್ದೇಶ.

೨

ಈ ರೋಗಕ್ಕೆ ಶಾಸ್ತ್ರೀಯವಾದ ಆಕಾರವನ್ನು ಕೊಟ್ಟವನು ಜರ್ಮನಿಯ ಎಮಿಲ್ ಕ್ರೆಪೆಲಿನ್. ೧೮೯೯ರಲ್ಲಿ ಹೊರಬಂದ ತನ್ನ ಪಠ್ಯಗ್ರಂಥದ ಆರನೆಯ ಆವೃತ್ತಿಯಲ್ಲಿ ಅವನು ಇದನ್ನು ಉನ್ಮಾದ–ಖಿನ್ನತೆಯ ರೋಗದಿಂದ ಬೇರ್ಪಡಿಸಿ, 'ಡಿಮೆನ್ಷಿಯ ಪ್ರೀಕಾಕ್ಸ್' ಎಂಬ ಹೆಸರಿನಲ್ಲಿ ವಿವರಿಸಿದನು. ಅಕಾಲದಲ್ಲಿ ಬಂದೊದಗುವ ಬುದ್ಧಿಕ್ಷಯ ಎಂಬುದು ಆ ಹೆಸರಿನ ಅರ್ಥ. ಕಾಲಕ್ಕೆ ಮುಂಚೆಯೇ ಮುಪ್ಪು ಬಂದಿತೆಂಬ ಭಾವನೆ ರೋಗದ ಹೆಸರಿನಲ್ಲಿಯೇ ಅಡಗಿದ್ದುದು ಗಮನಾರ್ಹ. ಕ್ರೆಪೆಲಿನ್‌ನು ಮನಸ್ಸನ್ನು ಮಾತ್ರ ನೋಡಿದವನಲ್ಲ. ರೋಗಿಗಳ ತೂಕದಲ್ಲಾಗುವ ದೊಡ್ಡ ಏರಿಳಿತಗಳನ್ನೂ ಅವನು ಬರೆದಿಟ್ಟಿದ್ದಾನೆ. ದೇಹದೊಳಗೇ ಹುಟ್ಟುವ ಯಾವುದೋ ವಿಷವು ರೋಗಕ್ಕೆ ಕಾರಣವಾಗಿರಬಹುದೆಂದೂ ಊಹಿಸಿದ್ದಾನೆ. ೧೯೦೮ರಲ್ಲಿ ಸ್ವಿಟ್ಜರ್ಲೆಂಡಿನ ಯೂಜೆನ್ ಬ್ಲಾಯ್ಲರ್ 'ಸ್ಕಿಜೋಫ್ರೀನಿಯ' ಎಂಬ ಹೊಸ ಹೆಸರನ್ನು ಬಳಕೆಗೆ ತಂದನು. ಎಲ್ಲರಿಗೂ ಬುದ್ಧಿಕ್ಷಯ ತಪ್ಪದೆಂಬ ಮಾತನ್ನು ಅವನು ಒಪ್ಪಲಿಲ್ಲ. ಹೆಸರೇನೋ ಬದಲಾಯಿತು, ಇವರ ದೇಹ ಹುಟ್ಟಿನಿಂದಲೇ ದುರ್ಬಲವೆಂಬ ನಂಬಿಕೆ ಮಾತ್ರ ಹಾಗೆಯೇ ಉಳಿಯಿತು.

ಈ ನಂಬಿಕೆಗೆ ಶಾಸ್ತ್ರದ ಗೌರವ ದೊರೆತುದು ೧೯೨೧ರಲ್ಲಿ. ಆ ವರ್ಷ ಎರ್ನ್ಸ್ಟ್ ಕ್ರೆಚ್ಮರ್ ದೇಹರಚನೆಗೂ ಸ್ವಭಾವಕ್ಕೂ ಇರುವ ಸಂಬಂಧವನ್ನು ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದನು. ಸಣಕಲು ಮೈ, ಇಕ್ಕಟ್ಟಾದ ಎದೆ, ತೆಳ್ಳನೆಯ ತೋಳುಗಳುಳ್ಳ ಕೃಶಕಾಯರಿಗೂ ಸ್ಕಿಜೋಫ್ರೀನಿಯಕ್ಕೂ ನಂಟಿದೆಯೆಂದೂ, ದುಂಡುಮೈಯವರಿಗೂ ಉನ್ಮಾದ–ಖಿನ್ನತೆಗೂ ನಂಟಿದೆಯೆಂದೂ ಅವನ ವಾದ. ಇದಕ್ಕೆ ಎದ್ದ ಆಕ್ಷೇಪಗಳಲ್ಲಿ ಒಂದು ಬಹಳ ಸರಳವಾದುದು. ಸ್ಕಿಜೋಫ್ರೀನಿಯವು ತಾರುಣ್ಯದಲ್ಲಿ ಆರಂಭವಾಗುವ ರೋಗ. ಉನ್ಮಾದ–ಖಿನ್ನತೆಯ ರೋಗಿಗಳು ಸರಾಸರಿಯಲ್ಲಿ ಅವರಿಗಿಂತ ಹಿರಿಯರು. ವಯಸ್ಸಾದಂತೆ ಮೈ ತುಂಬಿಕೊಳ್ಳುವುದು ಲೋಕರೂಢಿ. ಹೀಗಿರಲು, ವಯಸ್ಸಿನ ವ್ಯತ್ಯಾಸವನ್ನು ಕಳೆಯದೆ ಮಾಡಿದ ಹೋಲಿಕೆಯಲ್ಲಿ ಎಷ್ಟು ಭಾಗ ರೋಗದ್ದು, ಎಷ್ಟು ಭಾಗ ಪ್ರಾಯದ್ದು ಎಂದು ಹೇಳುವುದು ಹೇಗೆ?

ಕ್ಷಯರೋಗದ ವಿಷಯದಲ್ಲಿ ಈ ತಪ್ಪು ಇನ್ನೂ ಸ್ಪಷ್ಟವಾಗಿದೆ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಯೂರೋಪು ಅಮೆರಿಕಗಳ ಮಾನಸಿಕ ಆಸ್ಪತ್ರೆಗಳಲ್ಲಿ ಕ್ಷಯದಿಂದ ಸಾಯುತ್ತಿದ್ದ ತರುಣ ರೋಗಿಗಳು ಬಹುಮಂದಿ. ಬರ್ಲಿನ್ನಿನಲ್ಲಿ ರೋಗಿಗಳ ವಂಶಾವಳಿಗಳನ್ನು ಸಂಗ್ರಹಿಸಿ, ಅನಂತರ ನ್ಯೂಯಾರ್ಕಿಗೆ ವಲಸೆ ಹೋದ ಫ್ರಾನ್ಸ್ ಕಾಲ್‌ಮನ್, ೧೯೩೮ರ ತನ್ನ ಗ್ರಂಥದಲ್ಲಿ, ಸ್ಕಿಜೋಫ್ರೀನಿಯಕ್ಕೂ ಕ್ಷಯಕ್ಕೆ ಬೇಗನೆ ತುತ್ತಾಗುವ ಗುಣಕ್ಕೂ ಆನುವಂಶಿಕವಾದ ಸಂಬಂಧವಿದೆಯೆಂದು ಪ್ರತಿಪಾದಿಸಿದನು. ಕಿಕ್ಕಿರಿದ ವಾರ್ಡು, ಗಾಳಿಯಾಡದ ಕೋಣೆ, ಅರೆಹೊಟ್ಟೆಯ ಊಟ ಇವು ಎಲ್ಲರ ಕಣ್ಣೆದುರಿಗೇ ಇದ್ದುವು. ಸ್ಟ್ರೆಪ್ಟೊಮೈಸಿನ್ ಮೊದಲಾದ ಔಷಧಿಗಳು ಬಂದು, ರೋಗಿಗಳನ್ನು ಬೇರ್ಪಡಿಸುವ ಏರ್ಪಾಡುಗಳಾದ ಮೇಲೆ ಕ್ಷಯದ ಸಾವುಗಳು ಇಳಿದುವು. ಅಷ್ಟು ಅಲ್ಪಕಾಲದಲ್ಲಿ ರೋಗಿಗಳ ವಂಶಗುಣವೇನೂ ಬದಲಾಗಿರಲಿಲ್ಲ.

೩

ಆಸ್ಪತ್ರೆಯ ಊಟವೇ ರೋಗವನ್ನು ಹುಟ್ಟಿಸುವುದೆಂದು ತೋರಿಸಿಕೊಟ್ಟ ಪ್ರಸಂಗವೊಂದು ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ನಡೆಯಿತು. ಅಲ್ಲಿಯ ಮಾನಸಿಕ ಆಸ್ಪತ್ರೆಗಳಲ್ಲಿ ಪೆಲಾಗ್ರ ಎಂಬ ವ್ಯಾಧಿ ಹರಡಿತ್ತು. ಚರ್ಮ ಕಪ್ಪಾಗಿ ಒಡೆಯುವುದು, ಭೇದಿ, ನಿತ್ರಾಣ, ಕಡೆಗೆ ಬುದ್ಧಿಭ್ರಮಣೆ ಇವು ಅದರ ಲಕ್ಷಣಗಳು. ಇದು ಅಂಟುರೋಗವೆಂದು ಅನೇಕ ವೈದ್ಯರು ನಂಬಿದ್ದರು. ೧೯೧೪ರಲ್ಲಿ ಈ ವಿಷಯದ ಶೋಧನೆಗೆ ನಿಯುಕ್ತನಾದ ಜೋಸೆಫ್ ಗೋಲ್ಡ್‌ಬರ್ಗರ್ ಒಂದು ಸಂಗತಿಯನ್ನು ಗಮನಿಸಿದನು: ಹಗಲಿರುಳೂ ರೋಗಿಗಳ ಜೊತೆಯಲ್ಲಿರುವ ದಾದಿಯರಿಗೂ ಪರಿಚಾರಕರಿಗೂ ಈ ರೋಗ ತಗಲುತ್ತಿರಲಿಲ್ಲ. ಜಾರ್ಜಿಯದ ಸರ್ಕಾರಿ ಮಾನಸಿಕ ಆಸ್ಪತ್ರೆಯ ಕೆಲವು ವಾರ್ಡುಗಳಲ್ಲಿ ಅವನು ರೋಗಿಗಳ ಆಹಾರಕ್ಕೆ ಹಾಲು, ಮೊಟ್ಟೆ, ಮಾಂಸ, ಕಾಳುಗಳನ್ನು ಸೇರಿಸುವಂತೆ ಮಾಡಿದನು. ಆ ವಾರ್ಡುಗಳಲ್ಲಿ ಪೆಲಾಗ್ರ ಮರುಕಳಿಸಲಿಲ್ಲ. ನಿಯಾಸಿನ್ ಎಂಬ ಜೀವಸತ್ವದ ಕೊರತೆಯೇ ಇದರ ಮೂಲವೆಂಬುದು ೧೯೩೭ರ ಸುಮಾರಿಗೆ ಸ್ಥಿರಪಟ್ಟಿತು.

ಈ ಪ್ರಸಂಗ ನಮಗೆ ದೂರದ್ದೇನೂ ಅಲ್ಲ. ಜೋಳವನ್ನೇ ಮುಖ್ಯವಾಗಿ ಉಣ್ಣುವ ದಖ್ಖನಿನ ಬಡವರಲ್ಲಿ ಪೆಲಾಗ್ರ ಕಾಣಿಸಿಕೊಳ್ಳುವುದರ ಕಾರಣವನ್ನು ಹೈದರಾಬಾದಿನಲ್ಲಿ ಗೋಪಾಲನ್ ಮತ್ತು ಶ್ರೀಕಂಠಯ್ಯ ಎಂಬ ವಿಜ್ಞಾನಿಗಳು ಶೋಧಿಸಿ ೧೯೬೦ರಲ್ಲಿ ಪ್ರಕಟಿಸಿದರು. ದೋಷ ಜೋಳದ್ದೆಂದು ಇದರ ಅರ್ಥವಲ್ಲ. ಬೇಳೆ, ಹಾಲು, ಸೊಪ್ಪುಗಳಿಲ್ಲದೆ ಅದೊಂದನ್ನೇ ನೆಚ್ಚಿಕೊಳ್ಳಬೇಕಾದ ಬಡತನದ್ದು. ಪೆಲಾಗ್ರವು ಸ್ಕಿಜೋಫ್ರೀನಿಯವಲ್ಲವೆಂಬುದೂ ನಿಜ. ಆದರೆ ಒಂದೇ ಗೋಡೆಯೊಳಗೆ ಕೂಡಿಹಾಕಲ್ಪಟ್ಟ ನಾನಾ ಬಗೆಯ ರೋಗಿಗಳ ನಿತ್ರಾಣವನ್ನು ಹುಚ್ಚಿನ ಲಕ್ಷಣವೆಂದೇ ತಿಳಿದಿದ್ದವರಿಗೆ, ಅದು ಅಡಿಗೆಮನೆಯ ಲಕ್ಷಣವೂ ಆಗಿರಬಹುದೆಂದು ಗೋಲ್ಡ್‌ಬರ್ಗರ್ ಕಲಿಸಿದನು.

ಎರಡು ಮಹಾಯುದ್ಧಗಳು ಇದೇ ಪಾಠವನ್ನು ಅತಿ ಕ್ರೂರವಾದ ರೀತಿಯಲ್ಲಿ ಮತ್ತೆ ಬರೆದುವು. ೧೯೧೪–೧೮ರ ಯುದ್ಧಕಾಲದಲ್ಲಿ ಜರ್ಮನಿಯ ಮಾನಸಿಕ ಆಸ್ಪತ್ರೆಗಳಲ್ಲಿ ಹಸಿವಿನಿಂದಲೂ ಅದರ ಬೆನ್ನಿಗೆ ಬಂದ ರೋಗಗಳಿಂದಲೂ ವಾಡಿಕೆಗಿಂತ ಸುಮಾರು ೭೦,೦೦೦ ಮಂದಿ ಹೆಚ್ಚಾಗಿ ಸತ್ತರೆಂದು ಇತಿಹಾಸಕಾರರ ಅಂದಾಜು. ಎರಡನೆಯ ಯುದ್ಧದಲ್ಲಿ, ಜರ್ಮನರ ಆಕ್ರಮಣಕ್ಕೆ ಒಳಗಾದ ಫ್ರಾನ್ಸಿನ ಆಸ್ಪತ್ರೆಗಳಲ್ಲಿ ಸುಮಾರು ೪೫,೦೦೦ ರೋಗಿಗಳು ಹೀಗೆಯೇ ಮಡಿದರು. ಹೊರಗಿನ ಜನ ಪಡಿತರದ ಕೊರತೆಯನ್ನು ಹಳ್ಳಿಯಿಂದಲೋ ಕಾಳಸಂತೆಯಿಂದಲೋ ತುಂಬಿಕೊಂಡರು. ಬಾಗಿಲು ಹಾಕಿದ ಕಟ್ಟಡದಲ್ಲಿದ್ದವರಿಗೆ ಆ ದಾರಿ ಇರಲಿಲ್ಲ. ೧೯೪೨ರ ಡಿಸೆಂಬರಿನಲ್ಲಿ ಅಲ್ಲಿಯ ಸರ್ಕಾರ ಇವರಿಗೆ ಹೆಚ್ಚಿನ ಪಡಿತರವನ್ನು ಮಂಜೂರು ಮಾಡಿತು. ಜರ್ಮನಿಯಲ್ಲಿ ನಡೆದುದು ಇದಕ್ಕಿಂತಲೂ ಘೋರ. ೧೯೪೦–೪೧ರಲ್ಲಿ ನಾಟ್ಸಿ ಸರ್ಕಾರವು ೭೦,೦೦೦ಕ್ಕೂ ಮಿಕ್ಕ ರೋಗಿಗಳನ್ನು ವಿಷಾನಿಲದಿಂದ ಕೊಲ್ಲಿಸಿತು. ಆ ಬಳಿಕವೂ ಹಲವು ಆಸ್ಪತ್ರೆಗಳಲ್ಲಿ ಉಪವಾಸವನ್ನೇ ಕೊಲೆಯ ಸಾಧನವನ್ನಾಗಿ ಬಳಸಲಾಯಿತು. ದುರ್ಬಲರೆಂದು ಮೊದಲು ಹೆಸರಿಟ್ಟು, ಅನಂತರ ಅನ್ನ ಕಡಿಮೆ ಮಾಡಿ, ಕಡೆಗೆ ಅವರ ದೌರ್ಬಲ್ಯವನ್ನೇ ಸಾಕ್ಷ್ಯವೆಂದು ತೋರಿಸಿದ ಈ ಪ್ರಕರಣವನ್ನು ಶೈಥಿಲ್ಯದ ಚರಿತ್ರೆ ಬರೆಯುವವರು ಮರೆಯುವಂತಿಲ್ಲ.

೪

ಇನ್ನು ಚಿಕಿತ್ಸೆಯ ಕಡೆಗೆ ಬರೋಣ. ೧೯೩೩ರಿಂದ ಈಚೆಗೆ ವಿಯನ್ನಾದ ಮಾನ್‌ಫ್ರೆಡ್ ಸಾಕೆಲ್ ಬಳಕೆಗೆ ತಂದ ಇನ್ಸುಲಿನ್ ಮೂರ್ಛೆಯ ಚಿಕಿತ್ಸೆ ಎರಡು ದಶಕಗಳ ಕಾಲ ಜಗತ್ತಿನಾದ್ಯಂತ ನಡೆಯಿತು. ಅದು ಪ್ರಾಣಾಪಾಯವುಳ್ಳ ಚಿಕಿತ್ಸೆ. ೧೯೫೭ರಲ್ಲಿ ಲಂಡನ್ನಿನಲ್ಲಿ ಆಕ್ನರ್ ಮತ್ತು ಸಂಗಡಿಗರು ಕೆಲವರಿಗೆ ಇನ್ಸುಲಿನ್ನಿನಿಂದಲೂ ಕೆಲವರಿಗೆ ಬಾರ್ಬಿಟ್ಯುರೇಟ್ ಔಷಧಿಯಿಂದಲೂ ಮೂರ್ಛೆ ಬರಿಸಿ, ಮಿಕ್ಕ ಆರೈಕೆಯನ್ನೆಲ್ಲ ಒಂದೇ ಸಮನಾಗಿ ಮಾಡಿ ನೋಡಿದರು. ಫಲದಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ಸುಲಿನ್ನಿಗೆ ವಿಶೇಷ ಗುಣವಿಲ್ಲವೆಂದ ಮೇಲೆ, ಹಿಂದೆ ಕಂಡ ಸುಧಾರಣೆಯಲ್ಲಿ ಆ ವಾರ್ಡಿನ ವಿಶೇಷ ಶುಶ್ರೂಷೆಯ ಪಾಲು ಎಷ್ಟಿರಬಹುದೆಂಬ ಪ್ರಶ್ನೆ ಸಹಜವಾಗಿ ಏಳುತ್ತದೆ.

೧೯೫೨ರಲ್ಲಿ ಪ್ಯಾರಿಸ್ಸಿನ ಸೇಂಟ್ ಆನ್ ಆಸ್ಪತ್ರೆಯಲ್ಲಿ ಡಿಲೆ ಮತ್ತು ಡೆನಿಕರ್ ಕ್ಲೋರ್‌ಪ್ರೊಮಝೀನ್ ಎಂಬ ಔಷಧಿಯನ್ನು ಮನೋರೋಗಿಗಳಿಗೆ ಕೊಟ್ಟು ಅದರ ಗುಣವನ್ನು ಪ್ರಕಟಿಸಿದರು. ಅಲ್ಲಿಂದ ಮುಂದೆ ಹೊಸ ಯುಗವೇ ಆರಂಭವಾಯಿತು. ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ೧೯೫೫ರಲ್ಲಿ ಸುಮಾರು ೫,೫೯,೦೦೦ ರೋಗಿಗಳಿದ್ದರು; ೧೯೮೦ರ ವೇಳೆಗೆ ಅವರ ಸಂಖ್ಯೆ ೧,೪೦,೦೦೦ಕ್ಕಿಂತ ಕೆಳಗಿಳಿದಿತ್ತು. ಇದಕ್ಕೆ ಔಷಧಿಯೊಂದೇ ಕಾರಣವಲ್ಲ. ಆಡಳಿತನೀತಿಯೂ ವೆಚ್ಚದ ಲೆಕ್ಕಾಚಾರವೂ ಸೇರಿದ್ದುವು. ಗುಣದ ಜೊತೆಗೆ ತೊಡಕುಗಳೂ ಬಂದುವು. ಮಾಂಸಖಂಡಗಳ ಬಿಗಿತ, ನಡುಕ, ಕಾಲೆಳೆಯುವ ನಡಿಗೆ ಇವು ಹಳೆಯ ಔಷಧಿಗಳ ಉಪದ್ರವಗಳು. ಕ್ಲೋರ್‌ಪ್ರೊಮಝೀನ್ ಸೇವಿಸಿದವರಲ್ಲಿ ತೂಕ ಹೆಚ್ಚುವುದೂ ಸಕ್ಕರೆ ರೋಗ ತೋರುವುದೂ ಆ ದಶಕದಲ್ಲಿಯೇ ವರದಿಯಾಗಿತ್ತು. ಅನಂತರ ಬಂದ ಕ್ಲೋಝಪೀನ್, ಓಲಾಂಝಪೀನ್‌ಗಳಲ್ಲಿ ಬಿಗಿತ ನಡುಕಗಳು ಕಡಿಮೆಯಾದರೂ ತೂಕದ ಮತ್ತು ಸಕ್ಕರೆಯ ತೊಡಕು ಹೆಚ್ಚಾಯಿತು.

ಔಷಧಿಯಷ್ಟೇ ಮುಖ್ಯವಾದುದು ರೋಗಿಯ ದಿನಚರಿ. ಇಂಗ್ಲೆಂಡಿನಲ್ಲಿ ವಿಂಗ್ ಮತ್ತು ಬ್ರೌನ್ ಎಂಬ ಇಬ್ಬರು ವಿದ್ವಾಂಸರು ಮೂರು ಆಸ್ಪತ್ರೆಗಳಲ್ಲಿ ದೀರ್ಘಕಾಲದಿಂದ ಇದ್ದ ಸ್ತ್ರೀ ರೋಗಿಗಳನ್ನು ವರ್ಷಗಟ್ಟಲೆ ಪರಿಶೀಲಿಸಿ ೧೯೭೦ರಲ್ಲಿ ಪ್ರಕಟಿಸಿದ ಗ್ರಂಥ ಈ ವಿಷಯದಲ್ಲಿ ಪ್ರಮಾಣಭೂತವಾದುದು. ಮಾತಿಲ್ಲದಿರುವುದು, ಮುಖದಲ್ಲಿ ಭಾವ ಕಾಣದಿರುವುದು, ಯಾವುದಕ್ಕೂ ಮನಸ್ಸು ಮಾಡದಿರುವುದು ಇವನ್ನು ರೋಗದ ಅಂತ್ಯಸ್ಥಿತಿಯೆಂದು ಭಾವಿಸಲಾಗಿತ್ತು. ವಾರ್ಡಿನ ಬದುಕು ಬರಡಾಗಿದ್ದ ಕಡೆ ಈ ಲಕ್ಷಣಗಳು ಹೆಚ್ಚಾಗಿದ್ದುವು. ಏನೂ ಮಾಡದೆ ಕುಳಿತಿರುವ ಹೊತ್ತು ಕಡಿಮೆಯಾದ ಕಡೆ ರೋಗಿಗಳಲ್ಲಿ ಚೇತರಿಕೆ ಕಂಡಿತು. ದೇಹದ ದೃಷ್ಟಿಯಿಂದ ನೋಡಿದರೆ ಇದರ ಅರ್ಥ ಇನ್ನೂ ಸ್ಪಷ್ಟ. ಬಳಸದ ಸ್ನಾಯು ಸೊರಗುತ್ತದೆಂಬುದು ಶರೀರಶಾಸ್ತ್ರದ ಪ್ರಾಥಮಿಕ ಪಾಠ. ಇಪ್ಪತ್ತೆರಡರ ಪ್ರಾಯದಲ್ಲಿ ಬೆಂಚಿನ ಮೇಲೆ ಕುಳಿತವನು ನಲವತ್ತರಲ್ಲಿ ಎದ್ದರೆ ಅವನ ಕಾಲು ನಲವತ್ತರ ಕಾಲಾಗಿರುವುದಿಲ್ಲ. ಇದರ ಮೇಲೆ ಧೂಮಪಾನ ಬೇರೆ. ಅಮೆರಿಕದ ಅನೇಕ ಆಸ್ಪತ್ರೆಗಳಲ್ಲಿ ಒಳ್ಳೆಯ ನಡತೆಗೆ ಬಹುಮಾನವೆಂದು ಸಿಗರೇಟನ್ನೇ ಕೊಡುವ ಪದ್ಧತಿ ಒಂದು ಕಾಲದಲ್ಲಿತ್ತು.

೫

ಆಸ್ಪತ್ರೆಯ ಬಾಗಿಲು ತೆರೆದ ಮೇಲೆ ರೋಗಿಗಳ ಆಯುಷ್ಯ ಉಳಿದವರ ಸಮಕ್ಕೆ ಬಂದಿತೆ? ಬರಲಿಲ್ಲ. ನಾನಾ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ ೨೦೦೭ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಸ್ಕಿಜೋಫ್ರೀನಿಯವುಳ್ಳವರ ಮರಣಪ್ರಮಾಣ ಸಾಮಾನ್ಯ ಜನರದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚಾಗಿತ್ತು. ಕಳೆದ ದಶಕಗಳಲ್ಲಿ ಈ ಅಂತರ ಬೆಳೆದಿತ್ತೆಂಬುದು ಇನ್ನೂ ಚಿಂತಾಜನಕ. ೨೦೧೭ರ ಇನ್ನೊಂದು ಸಮೀಕ್ಷೆಯಂತೆ ಇವರು ಕಳೆದುಕೊಳ್ಳುವ ಆಯುಷ್ಯ ಸರಾಸರಿ ೧೪.೫ ವರ್ಷ. ಆತ್ಮಹತ್ಯೆಯ ಪಾಲು ಇದರಲ್ಲಿ ಉಂಟು. ಆದರೆ ಸಾವುಗಳಲ್ಲಿ ಹೆಚ್ಚಿನವು ಹೃದ್ರೋಗ, ಶ್ವಾಸಕೋಶದ ರೋಗ ಮೊದಲಾದ ದೇಹರೋಗಗಳಿಂದ ಆದುವು. ಎದೆ ನೋಯುತ್ತಿದೆಯೆಂದು ಇಂಥ ರೋಗಿ ಹೇಳಿದರೆ, ಅದು ಅವನ ಮನೋರೋಗದ ಮಾತೆಂದು ಕೈಬಿಡುವ ಅಭ್ಯಾಸ ಇನ್ನೂ ಪೂರ್ತಿಯಾಗಿ ಹೋಗಿಲ್ಲ.

ಶೈಥಿಲ್ಯವನ್ನು ಅಳೆಯುವ ಕ್ರಮ ಬಂದುದು ಈ ಶತಮಾನದ ಆರಂಭದಲ್ಲಿ. ೨೦೦೧ರಲ್ಲಿ ಅಮೆರಿಕದ ಲಿಂಡ ಫ್ರೀಡ್ ಮತ್ತು ಸಂಗಡಿಗರು ೬೫ ವರ್ಷ ದಾಟಿದ ೫,೩೧೭ ಮಂದಿಯನ್ನು ಪರಿಶೀಲಿಸಿ ಐದು ಚಿಹ್ನೆಗಳನ್ನು ಗೊತ್ತುಮಾಡಿದರು: ಬಯಸದೆ ತೂಕ ಇಳಿಯುವುದು, ಬಳಲಿಕೆ, ಕೈಹಿಡಿತದ ದೌರ್ಬಲ್ಯ, ನಿಧಾನವಾದ ನಡಿಗೆ, ಚಟುವಟಿಕೆಯ ಕೊರತೆ. ಮೂರು ಅಥವಾ ಹೆಚ್ಚು ಇದ್ದರೆ ಶೈಥಿಲ್ಯ. ಒಂದೆರಡಿದ್ದರೆ ಅದರ ಪೂರ್ವಸ್ಥಿತಿ. ಕೆನಡಾದ ರಾಕ್‌ವುಡ್ ಮತ್ತು ಮಿಟ್ನಿಟ್ಸ್‌ಕಿ ದೇಹದ ಕೊರತೆಗಳನ್ನೆಲ್ಲ ಎಣಿಸಿ ಒಂದು ಸೂಚ್ಯಂಕವನ್ನು ಪಡೆಯುವ ಬೇರೊಂದು ಮಾರ್ಗವನ್ನು ಹಿಡಿದರು. ೨೦೧೮ರಲ್ಲಿ ಬ್ರಿಟನ್ನಿನ ೩೭ರಿಂದ ೭೩ ವರ್ಷ ಪ್ರಾಯದ ೪,೯೩,೭೩೭ ಮಂದಿಗೆ ಫ್ರೀಡರ ಕ್ರಮವನ್ನು ಅನ್ವಯಿಸಿದಾಗ, ನೂರಕ್ಕೆ ಮೂವರಲ್ಲಿ ಶೈಥಿಲ್ಯವೂ ಮೂವತ್ತೆಂಟು ಮಂದಿಯಲ್ಲಿ ಅದರ ಪೂರ್ವಸ್ಥಿತಿಯೂ ಕಂಡುಬಂದುವು. ಇದು ವೃದ್ಧರ ಸ್ಥಿತಿ ಮಾತ್ರವಲ್ಲವೆಂಬುದು ಅಲ್ಲಿಗೆ ಸಿದ್ಧವಾಯಿತು.

ಆದರೆ ಈ ಅಳತೆಗೋಲನ್ನು ಸ್ಕಿಜೋಫ್ರೀನಿಯದ ತರುಣ ರೋಗಿಗೆ ಹಾಗೆಯೇ ಹಿಡಿಯುವಾಗ ಎಚ್ಚರ ಬೇಕು. ಬಳಲಿಕೆಯೂ ಚಟುವಟಿಕೆಯ ಕೊರತೆಯೂ ಮನೋರೋಗದ ಉತ್ಸಾಹಹೀನತೆಯಿಂದ ಆಗಿರಬಹುದು. ನಿಧಾನವಾದ ನಡಿಗೆ ಔಷಧಿಯ ಬಿಗಿತದಿಂದ ಆಗಿರಬಹುದು. ತೂಕ ಇಳಿಯುವುದನ್ನು ಹುಡುಕುತ್ತ ಕುಳಿತರೆ, ಮೈಯಲ್ಲಿ ಕೊಬ್ಬು ಬೆಳೆದು ಅದರ ಮರೆಯಲ್ಲಿ ಸ್ನಾಯು ಸೊರಗಿರುವವನು ತಪ್ಪಿಹೋಗುತ್ತಾನೆ. ನೋಡುವವರ ಕಣ್ಣಿಗೆ ಅವನು ಪುಷ್ಟನಾಗಿಯೇ ಕಾಣುತ್ತಾನೆ. ಕೈಹಿಡಿತದ ಅಳತೆ ಇವುಗಳಿಗಿಂತ ಹೆಚ್ಚು ನಂಬಿಕೆಗೆ ಅರ್ಹವೆಂದು ತೋರುತ್ತದೆ. ಬ್ರಿಟನ್ನಿನ ಅದೇ ಸಂಗ್ರಹದ ಆಧಾರದ ಮೇಲೆ ೨೦೧೮ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಸ್ಕಿಜೋಫ್ರೀನಿಯವುಳ್ಳ ೧,೧೬೨ ಮಂದಿಯನ್ನು ನೋಡಿದಾಗ, ಹಿಡಿತ ಬಲವಾಗಿದ್ದವರಲ್ಲಿ ಬುದ್ಧಿಶಕ್ತಿಯ ಕೆಲವು ಪರೀಕ್ಷೆಗಳ ಫಲವೂ ಉತ್ತಮವಾಗಿತ್ತು. ಯಾವುದು ಕಾರಣ, ಯಾವುದು ಕಾರ್ಯ ಎಂಬುದನ್ನು ಇಂಥ ಅಧ್ಯಯನ ಹೇಳಲಾರದು. ದೇಹವನ್ನು ಬಿಟ್ಟು ಮನಸ್ಸನ್ನು ಮಾತ್ರ ನೋಡುವುದು ತರವಲ್ಲವೆಂಬುದನ್ನು ಹೇಳುತ್ತದೆ.

ನಮ್ಮ ವಾದಕ್ಕೆ ಒಂದು ಬಲವಾದ ಪ್ರತಿವಾದವುಂಟು; ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಔಷಧಿಯನ್ನೇ ಮುಟ್ಟದ ಹೊಸ ರೋಗಿಗಳಲ್ಲೂ ಸಕ್ಕರೆಯನ್ನು ಅರಗಿಸುವ ಶಕ್ತಿ ಕುಂದಿರುವುದನ್ನು ೨೦೦೩ರಿಂದ ಈಚಿನ ಶೋಧನೆಗಳು ತೋರಿಸಿವೆ. ಸ್ಕಿಜೋಫ್ರೀನಿಯವೇ ತ್ವರಿತಗತಿಯ ಮುಪ್ಪಿನ ಒಂದು ರೂಪವೆ ಎಂಬ ಪ್ರಶ್ನೆಯನ್ನು ಅಮೆರಿಕದ ಕರ್ಕ್‌ಪ್ಯಾಟ್ರಿಕ್ ಮತ್ತು ಸಂಗಡಿಗರು ೨೦೦೮ರಲ್ಲಿ ಎತ್ತಿದರು. ರೋಗದ ಮೂಲದಲ್ಲಿಯೇ ದೇಹಕ್ಕೆ ಸಂಬಂಧಿಸಿದ ಅಂಶವಿರಬಹುದೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಹಾಗೆಯೇ ಔಷಧಿಯನ್ನು ಬಿಟ್ಟರೆ ದೇಹ ಉಳಿದೀತೆಂಬ ತೀರ್ಮಾನಕ್ಕೂ ಆಧಾರವಿಲ್ಲ. ಫಿನ್ಲೆಂಡಿನಲ್ಲಿ ೬೬,೮೮೧ ರೋಗಿಗಳನ್ನು ಹನ್ನೊಂದು ವರ್ಷ ಅನುಸರಿಸಿ ೨೦೦೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಔಷಧಿ ತೆಗೆದುಕೊಳ್ಳದವರ ಮರಣಪ್ರಮಾಣವೇ ಹೆಚ್ಚಾಗಿತ್ತು. ಅದರ ವಿಧಾನದ ಬಗೆಗೆ ಆಕ್ಷೇಪಗಳು ಬಂದಿದ್ದರೂ ಫಲಿತಾಂಶವನ್ನು ಕಡೆಗಣಿಸುವಂತಿಲ್ಲ. ಆದರೆ ರೋಗದಲ್ಲಿ ಸ್ವಾಭಾವಿಕವಾದ ಅಂಶ ಎಷ್ಟಿದೆಯೆಂದು ತಿಳಿಯಬೇಕಾದರೆ, ಹಸಿವು, ಹೊಗೆ, ಸಕ್ಕರೆ, ನಿಶ್ಚಲತೆ, ಉಪೇಕ್ಷೆ ಇವುಗಳ ಪಾಲನ್ನು ಮೊದಲು ಕಳೆಯಬೇಕು. ಕ್ರೆಚ್ಮರ್‌ನು ವಯಸ್ಸನ್ನು ಕಳೆಯಲಿಲ್ಲ. ಕಾಲ್‌ಮನ್‌ನು ವಾರ್ಡನ್ನು ಕಳೆಯಲಿಲ್ಲ.

೬

ನಮ್ಮ ನಾಡಿನ ಸಂಗತಿಯನ್ನು ಹೇಳಿ ಮುಗಿಸುತ್ತೇವೆ. ಬೆಂಗಳೂರಿನಲ್ಲಿ ಮೈಸೂರು ಸರ್ಕಾರದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ ೧೯೫೪ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಯಿತು, ಡಾ. ಎಂ. ವಿ. ಗೋವಿಂದಸ್ವಾಮಿಯವರು ಅದರ ಮೊದಲ ನಿರ್ದೇಶಕರು. ಆಸ್ಪತ್ರೆಯೂ ಸಂಸ್ಥೆಯೂ ೧೯೭೪ರಲ್ಲಿ ಒಂದಾಗಿ ಇಂದಿನ ನಿಮ್ಹಾನ್ಸ್ ಆಯಿತು. ಪಾಶ್ಚಾತ್ಯ ದೇಶಗಳ ಚರಿತ್ರೆಗೂ ನಮ್ಮದಕ್ಕೂ ಒಂದು ದೊಡ್ಡ ಭೇದವಿದೆ. ಇಲ್ಲಿ ಬಹುಪಾಲು ರೋಗಿಗಳು ಬಾಳಿದ್ದು ಆಸ್ಪತ್ರೆಯ ಗೋಡೆಯೊಳಗಲ್ಲ, ತಂದೆತಾಯಿ, ಒಡಹುಟ್ಟಿದವರ ನಡುವೆ. ಅನ್ನ ಹಾಕುವ ಕೈ ಮನೆಯದೇ. ಆದರೆ ಮನೆಯಲ್ಲಿಯೂ ರೋಗಿ ಮೂಲೆ ಹಿಡಿಯುವುದುಂಟು. ಅವನಿಗೆ ಕೆಲಸ ಹೇಳದಿರುವುದೇ ದಯೆಯೆಂದು ಮನೆಯವರು ತಿಳಿಯುವುದುಂಟು.

ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸಿನ ವೈದ್ಯರು ಹಳ್ಳಿಗಳಲ್ಲಿದ್ದ ಸ್ಕಿಜೋಫ್ರೀನಿಯದ ರೋಗಿಗಳನ್ನು ಗುರುತಿಸಿ ಅನುಸರಿಸಿದರು. ೨೦೦೯ರಲ್ಲಿ ಪ್ರಕಟವಾದ ಅವರ ವರದಿಯಂತೆ, ಚಿಕಿತ್ಸೆ ಪಡೆದವರಲ್ಲಿ ಅಸಾಮರ್ಥ್ಯ ಕಡಿಮೆಯಾಯಿತು, ಪಡೆಯದವರಲ್ಲಿ ಹಾಗಾಗಲಿಲ್ಲ. ೨೦೦೭ರಲ್ಲಿ ಅದೇ ಸಂಸ್ಥೆಯವರು ೬೧ ರೋಗಿಗಳನ್ನು ಎರಡು ಪಂಗಡ ಮಾಡಿ, ಔಷಧಿಯ ಜೊತೆಗೆ ಒಂದಕ್ಕೆ ಯೋಗವನ್ನೂ ಇನ್ನೊಂದಕ್ಕೆ ವ್ಯಾಯಾಮವನ್ನೂ ಕಲಿಸಿದ ಪ್ರಯೋಗದ ಫಲವನ್ನು ಪ್ರಕಟಿಸಿದ್ದರು. ಯೋಗದ ಪಂಗಡದಲ್ಲಿ ಹೆಚ್ಚು ಸುಧಾರಣೆ ಕಂಡಿತ್ತು. ಇವೆರಡೂ ಅಳೆದುದು ಮನೋಲಕ್ಷಣಗಳನ್ನೂ ದಿನದ ಬಾಳಿನ ಸಾಮರ್ಥ್ಯವನ್ನೂ ಹೊರತು ಶೈಥಿಲ್ಯವನ್ನಲ್ಲ. ಆದರೂ ಬಹುಕಾಲದ ರೋಗಿಯ ಸ್ಥಿತಿ ಕಲ್ಲಿನಲ್ಲಿ ಕೊರೆದುದಲ್ಲವೆಂಬುದಕ್ಕೆ ಇವು ನಮ್ಮ ಮನೆಯಂಗಳದ ನಿದರ್ಶನಗಳು. ಮಾನಸಿಕ ರೋಗಿಗಳಿಗೆ ಎಲ್ಲ ಬಗೆಯ ವೈದ್ಯಸೇವೆಯಲ್ಲೂ ದೇಹರೋಗಿಗಳ ಸಮಾನವಾದ ಉಪಚಾರ ದೊರೆಯಬೇಕೆಂದು ೨೦೧೭ರ ಮಾನಸಿಕ ಆರೋಗ್ಯ ಆರೈಕೆಯ ಕಾಯಿದೆ ವಿಧಿಸಿದೆ. ಇವರ ದೇಹಾರೋಗ್ಯದ ಪಾಲನೆಗೆಂದೇ ವಿಶ್ವ ಆರೋಗ್ಯ ಸಂಸ್ಥೆಯು ೨೦೧೮ರಲ್ಲಿ ಮಾರ್ಗಸೂತ್ರಗಳನ್ನು ಹೊರಡಿಸಿದೆ.

ಈ ಸಮೀಕ್ಷೆಯಿಂದ ದೊರೆಯುವ ತಾತ್ಪರ್ಯ ಇಷ್ಟು. 'ಶೈಥಿಲ್ಯ' ಎಂಬ ಹೊಸ ಹೆಸರಿಗೆ ಎರಡು ಮೊನೆಗಳಿವೆ. ಇವರು ಬೇಗ ಮುದುಕರಾಗುವವರೇ ಎಂದು ಕೈಚೆಲ್ಲಿದರೆ, ಅದು ಕೃಶಕಾಯವೆಂಬ ಹಳೆಯ ಹೆಸರಿನ ಸಾಲಿಗೇ ಸೇರುತ್ತದೆ. ನಲವತ್ತರ ಈ ಮನುಷ್ಯನ ಹಿಡಿತ ಏಕೆ ಸಡಿಲವಾಯಿತು, ಅವನು ಏನು ಉಣ್ಣುತ್ತಾನೆ, ದಿನಕ್ಕೆ ಎಷ್ಟು ದೂರ ನಡೆಯುತ್ತಾನೆ, ಅವನ ರಕ್ತದ ಸಕ್ಕರೆಯನ್ನು ಕಡೆಯ ಬಾರಿ ನೋಡಿದುದು ಯಾವಾಗ ಎಂದು ಕೇಳಲು ಅದು ಪ್ರೇರಿಸಿದರೆ, ಗೋಲ್ಡ್‌ಬರ್ಗರ್ ತೋರಿಸಿದ ದಾರಿಯಲ್ಲಿ ನಾವು ನಡೆದಂತಾಗುತ್ತದೆ. ರೋಗಿಯ ತಟ್ಟೆಯನ್ನೂ ದಾದಿಯ ತಟ್ಟೆಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕೆಂದು ಅವನಿಗೆ ತೋಚಿತ್ತು. ಇತಿಹಾಸದ ವಿದ್ಯಾರ್ಥಿಗಳೂ ಆ ಬಗೆಯ ನೋಟವನ್ನು ರೂಢಿಸಿಕೊಳ್ಳಬೇಕೆಂಬುದು ನಮ್ಮ ಆಶಯ.